ಕೂಟ, ನಿರೂಪ, ದಂಡು: 1837ರ ಅಮರಸುಳ್ಯ ಬಂಡಾಯದಲ್ಲಿ ಸಮುದಾಯಗಳ ಸಶಸ್ತ್ರ ಮೈತ್ರಿ

1. ಹೆಸರುಗಳ ಸಮಸ್ಯೆ

1837ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆನರಾ ಜಿಲ್ಲೆಯ ಆಡಳಿತ ಕೇಂದ್ರವಾಗಿದ್ದ ಮಂಗಳೂರು ಕೆಲವು ದಿನಗಳ ಕಾಲ ಕಂಪನಿಯ ಕೈತಪ್ಪಿತ್ತು. ಘಟ್ಟದ ಬುಡದ ಸುಳ್ಯ, ಬೆಳ್ಳಾರೆ, ಪುತ್ತೂರು ಸೀಮೆಗಳಿಂದ ಇಳಿದುಬಂದ ದಂಡೊಂದು ಏಪ್ರಿಲ್ 5ರಂದು ಪಟ್ಟಣವನ್ನು ಪ್ರವೇಶಿಸಿತು. ಕಂಪನಿಯ ಅಧಿಕಾರಿಗಳು ಸಮುದ್ರಮಾರ್ಗವಾಗಿ ಕಣ್ಣೂರಿನತ್ತ ಹೊರಟರು. ಸೆರೆಮನೆಯ ಬಾಗಿಲು ತೆರೆಯಿತು. ಸರ್ಕಾರಿ ಕಚೇರಿಗಳು ಸುಟ್ಟವು. ಇಷ್ಟು ವಿವರಗಳ ಬಗ್ಗೆ ದಾಖಲೆಗಳಲ್ಲಾಗಲಿ ಜನರ ನೆನಪಿನಲ್ಲಾಗಲಿ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು ಈ ಘಟನೆಯನ್ನು ಏನೆಂದು ಕರೆಯಬೇಕು ಎಂಬ ವಿಷಯದಲ್ಲಿ.

ಇಂಗ್ಲಿಷ್ ದಾಖಲೆಗಳು ಇದನ್ನು ಸಾಮಾನ್ಯವಾಗಿ ‘ಕೂರ್ಗ್ ದಂಗೆ’ ಎಂದು ಕರೆದಿವೆ. ಕರಾವಳಿಯ ಆಡುಮಾತಿನಲ್ಲಿ ಇದು ‘ಕಲ್ಯಾಣಪ್ಪನ ಕಾಟಕಾಯಿ’. ಇತ್ತೀಚಿನ ದಶಕಗಳ ಕನ್ನಡ ಬರಹಗಳಲ್ಲಿ ‘ಅಮರಸುಳ್ಯ ರೈತ ದಂಗೆ’, ‘ಅಮರಸುಳ್ಯದ ಸ್ವಾತಂತ್ರ್ಯ ಸಮರ’ ಎಂಬ ಹೆಸರುಗಳು ರೂಢಿಗೆ ಬಂದಿವೆ. ಒಂದು ಹೆಸರು ಸಂಸ್ಥಾನವನ್ನು ಸೂಚಿಸುತ್ತದೆ, ಒಂದು ವ್ಯಕ್ತಿಯನ್ನು, ಒಂದು ವೃತ್ತಿಯನ್ನು, ಮತ್ತೊಂದು ಧ್ಯೇಯವನ್ನು. ಆದರೆ ಬೇರೆ ಬೇರೆ ಭಾಷೆ, ಜಾತಿ, ಮತಗಳಿಗೆ ಸೇರಿದ ಸಣ್ಣ ಸಮುದಾಯಗಳು ಒಂದು ರಾಜಕೀಯ ಗುರಿಗಾಗಿ ಆಯುಧ ಹಿಡಿದು ಒಂದಾದುದೇ ಈ ಘಟನೆಯ ತಿರುಳು ಎಂಬುದನ್ನು ಯಾವ ಹೆಸರೂ ಹೇಳುವುದಿಲ್ಲ. ಈ ಮೈತ್ರಿ ಹೇಗೆ ಸಾಧ್ಯವಾಯಿತು, ಅದನ್ನು ಕಟ್ಟಿ ನಿಲ್ಲಿಸಿದ್ದು ಯಾವುದು, ಅದು ಎಲ್ಲಿ ಮುರಿಯಿತು ಎಂಬ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸೋವಿಯತ್ ಒಕ್ಕೂಟದ ವಿಘಟನೆಯ ಕಾಲದಲ್ಲಿ ಕಾಕಸಸ್ ಪರ್ವತ ಪ್ರದೇಶದಲ್ಲಿ ರೂಪುಗೊಂಡ ಇಂಥದೇ ಒಂದು ಸಶಸ್ತ್ರ ಮೈತ್ರಿಯನ್ನು ಹೋಲಿಕೆಗಾಗಿ ಬಳಸಿಕೊಳ್ಳಲಾಗಿದೆ.

2. 1834: ಗಡಿ ಬದಲಾದಾಗ

ಹಾಲೇರಿ ಅರಸರ ಕೊಡಗು ಇಂದಿನ ಕೊಡಗು ಜಿಲ್ಲೆಗಷ್ಟೇ ಸೀಮಿತವಾಗಿರಲಿಲ್ಲ. ಘಟ್ಟದ ಕೆಳಗಿನ ಅಮರಸುಳ್ಯ ಮಾಗಣೆ ಮತ್ತು ಅದಕ್ಕೆ ಹೊಂದಿಕೊಂಡ ಪಂಜ, ಬೆಳ್ಳಾರೆ, ಪುತ್ತೂರು ಸೀಮೆಗಳು ಅರಸರ ಆಳ್ವಿಕೆಯ ಕೊನೆಯ ಘಟ್ಟದಲ್ಲಿ ಮಡಿಕೇರಿಗೆ ಅಧೀನವಾಗಿದ್ದವು. ವೀರಶೈವ ಮನೆತನವೊಂದು ಕೊಡವರು, ಅರೆಭಾಷೆ ಗೌಡರು, ತುಳುವರು, ಬ್ರಾಹ್ಮಣರು, ಕುಡಿಯರು ಮೊದಲಾದವರನ್ನು ಆಳುತ್ತಿದ್ದ ಈ ರಾಜ್ಯದ ಆಡಳಿತಭಾಷೆ ಕನ್ನಡವಾಗಿತ್ತು. ದೊಡ್ಡವೀರರಾಜೇಂದ್ರನು ಬರೆಸಿದ ‘ರಾಜೇಂದ್ರನಾಮೆ’ ಮತ್ತು ಲಿಂಗರಾಜನ ಹುಕುಂನಾಮೆ ಕನ್ನಡದಲ್ಲಿವೆ. ಆಳುವವರ ಮನೆಮಾತು, ಯೋಧರ ಮನೆಮಾತು, ಬೇಸಾಯಗಾರರ ಮನೆಮಾತು ಬೇರೆಬೇರೆಯಾಗಿದ್ದ ಕಡೆ ಕನ್ನಡವು ಅಪ್ಪಣೆ ಮತ್ತು ಅರ್ಜಿಗಳ ಸಮಾನ ಭಾಷೆಯಾಗಿತ್ತೆಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

1834ರ ಏಪ್ರಿಲ್‌ನಲ್ಲಿ ಕಂಪನಿಯ ಸೇನೆ ಮಡಿಕೇರಿಯನ್ನು ವಶಪಡಿಸಿಕೊಂಡಿತು. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಲಾಯಿತು. ಪ್ರಜೆಗಳ ಇಚ್ಛೆಯಂತೆಯೇ ಕೊಡಗನ್ನು ಕಂಪನಿಯ ರಾಜ್ಯಕ್ಕೆ ಸೇರಿಸಲಾಗಿದೆ ಎಂಬ ಘೋಷಣೆ ಮೇ ತಿಂಗಳಲ್ಲಿ ಹೊರಬಿತ್ತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯ ಮೂಲಕ ಈ ಪತನದ ಕತೆ ಕನ್ನಡ ಓದುಗರಿಗೆ ಪರಿಚಿತವಾಗಿದೆ. ಆದರೆ ಕಾದಂಬರಿಯ ಬೆಳಕು ಅರಮನೆಯ ಮೇಲೆ ಬಿದ್ದಿರುವುದರಿಂದ, ಅರಸನ ನಿರ್ಗಮನದ ಬೆನ್ನಿಗೇ ನಡೆದ ಮತ್ತೊಂದು ಬದಲಾವಣೆ ನಮ್ಮ ಗಮನಕ್ಕೆ ಸುಲಭವಾಗಿ ಬರುವುದಿಲ್ಲ. ಅಮರಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಮದರಾಸು ಆಧಿಪತ್ಯದ ಕೆನರಾ ಜಿಲ್ಲೆಗೆ ಸೇರಿಸಲಾಯಿತು.

ಕಾಗದದ ಮೇಲೆ ಇದು ಆಡಳಿತದ ಅನುಕೂಲಕ್ಕಾಗಿ ಮಾಡಿದ ಸಣ್ಣ ವ್ಯವಸ್ಥೆ. ಬೇಸಾಯಗಾರನ ಪಾಲಿಗೆ ಇದರ ಅರ್ಥ ಬೇರೆಯಾಗಿತ್ತು. ಅರಸರ ಕಾಲದಲ್ಲಿ ಕಂದಾಯವನ್ನು ಧಾನ್ಯದ ರೂಪದಲ್ಲಿ ಸಲ್ಲಿಸುವುದು ರೂಢಿ. ಕೆನರಾದಲ್ಲಿ ಕಂದಾಯವನ್ನು ನಗದಾಗಿಯೇ ಕಟ್ಟಬೇಕಿತ್ತು. ನಗದು ಬೇಕೆಂದರೆ ಭತ್ತವನ್ನು ಕೊಯಿಲಿನ ಹೊತ್ತಿನಲ್ಲೇ, ಎಲ್ಲರೂ ಮಾರುವ ಮತ್ತು ಬೆಲೆ ಕುಸಿಯುವ ಕಾಲದಲ್ಲೇ ಮಾರಬೇಕು. ಇಲ್ಲವೇ ಪೇಟೆಯ ಸಾಹುಕಾರನಿಂದ ಸಾಲ ತರಬೇಕು. ಬೆಳೆ ಕೆಟ್ಟ ವರ್ಷದಲ್ಲಿ ಧಾನ್ಯದ ಪಾಲು ತಾನಾಗಿಯೇ ತಗ್ಗಬಹುದು. ನಗದಿನ ಮೊತ್ತ ತಗ್ಗುವುದಿಲ್ಲ. ಇದರ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪು ಕೆನರಾದಲ್ಲಿ ಕಂಪನಿಯ ಏಕಸ್ವಾಮ್ಯಕ್ಕೆ ಒಳಪಟ್ಟಿದ್ದವು. ಹೀಗೆ ಒಂದು ಗಡಿರೇಖೆಯ ಬದಲಾವಣೆ ಮೂರು ವರ್ಷಗಳಲ್ಲಿ ಗದ್ದೆಯಿಂದ ಅಡುಗೆಮನೆಯವರೆಗೆ ಮುಟ್ಟಿತು.

ಘಟ್ಟದ ಮೇಲಿನ ಕೊಡಗಿನಲ್ಲಿ ಹೀಗಾಗಲಿಲ್ಲ. ಅಲ್ಲಿ ಲಿಂಗರಾಜನ ಕಾಲದ ಭೂಕಂದಾಯದ ‘ಶಿಸ್ತು’ ಬಹುಮಟ್ಟಿಗೆ ಮುಂದುವರಿಯಿತು. ಜಮ್ಮಾ ಹಿಡುವಳಿಯ ರಿಯಾಯಿತಿಗಳು ಉಳಿದವು. ಅರಸನ ಕಾಲದ ದಿವಾನರು ಹುದ್ದೆಯಲ್ಲಿ ಮುಂದುವರಿದರು. ಒಂದೇ ರಾಜ್ಯದ ಪ್ರಜೆಗಳು 1834ರ ಅನಂತರ ಎರಡು ಬಗೆಯ ಪ್ರಜೆಗಳಾದರು. ಬಂಡಾಯದ ಹುಟ್ಟು ಮತ್ತು ಸೋಲು ಎರಡಕ್ಕೂ ಬೀಜ ಇಲ್ಲಿಯೇ ಇದೆಯೆಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

3. ‘ಕೂಟ’ ಎಂಬ ಪೂರ್ವಸಿದ್ಧತೆ

ಸಶಸ್ತ್ರ ಮೈತ್ರಿಗಳು ಒಮ್ಮೆಗೇ ಹುಟ್ಟುವುದಿಲ್ಲ. ಅವುಗಳ ಹಿಂದೆ ಸಾಮಾನ್ಯವಾಗಿ ಆಯುಧವಿಲ್ಲದ ಸಂಘಟನೆಯ ಅನುಭವವೊಂದಿರುತ್ತದೆ. ಕೆನರಾದಲ್ಲಿ ಅಂಥ ಅನುಭವ 1830-31ರ ರೈತ ಕೂಟಗಳಿಂದ ಬಂದಿತ್ತು. ಬೆಳೆಯ ಬೆಲೆ ಕುಸಿದು ಕಂದಾಯದ ಹೊರೆ ಹೆಚ್ಚಾದಾಗ ರೈತರು ಊರೂರುಗಳಲ್ಲಿ ಕೂಡಿ, ಕಂದಾಯ ಕಟ್ಟದಿರಲು ನಿರ್ಧರಿಸಿ, ಅರ್ಜಿಗಳನ್ನು ಬರೆದು ಕಲೆಕ್ಟರರ ಮುಂದಿಟ್ಟರು. ಈ ಸಭೆಗಳಿಗೆ ‘ಕೂಟ’ ಎಂಬ ಹೆಸರಿತ್ತು. ಇಂಗ್ಲಿಷ್ ದಾಖಲೆಗಳು ಅನುವಾದಿಸಲು ಹೋಗದೆ ಆ ಕನ್ನಡ ಶಬ್ದವನ್ನೇ ಉಳಿಸಿಕೊಂಡವು. ದಕ್ಷಿಣ ಕೆನರಾದ ವಸಾಹತು ಆಡಳಿತವನ್ನು ಕುರಿತು ವಿಸ್ತಾರವಾಗಿ ಸಂಶೋಧನೆ ನಡೆಸಿದ ಎನ್. ಶ್ಯಾಮ ಭಟ್ಟರು ಈ ಕೂಟಗಳಿಗೂ 1837ರ ಘಟನೆಗೂ ನಮ್ಮ ಗಮನವನ್ನು ಸೆಳೆದವರಲ್ಲಿ ಪ್ರಮುಖರು.

ಇದೇ ಅವಧಿಯಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿಯೂ ರೈತರು ಕೂಟ ಸೇರಿದರು. ಆದರೆ ಅಲ್ಲಿ ಚಳವಳಿ ಬೇರೆ ದಾರಿ ಹಿಡಿಯಿತು. ಕೆಳದಿಯ ಅರಸು ಪೀಠಕ್ಕೆ ತಾನು ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನೆಂಬಾತನ ಸುತ್ತ ಅದು ಸಶಸ್ತ್ರ ಬಂಡಾಯವಾಗಿ ಬೆಳೆಯಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಂಪನಿ ವಹಿಸಿಕೊಳ್ಳಲು ಈ ಬಂಡಾಯವೇ ನೆಪವಾಯಿತು. ಅರ್ಜಿಯನ್ನು ನೆಚ್ಚಿದ ಕೆನರಾದ ಕೂಟ, ಅಳಿದ ಅರಸುಮನೆತನದ ಹೆಸರನ್ನು ನೆಚ್ಚಿದ ನಗರದ ದಂಡು - ಈ ಎರಡು ಮಾದರಿಗಳೂ 1837ರ ಹೊತ್ತಿಗೆ ಈ ಭಾಗದ ಜನರ ಕಣ್ಣಮುಂದಿದ್ದವು. ಅಮರಸುಳ್ಯದಲ್ಲಿ ಅವೆರಡೂ ಒಂದಾದವು.

4. ಮೈತ್ರಿಯ ಪಾಲುದಾರರು ಮತ್ತು ಅವರನ್ನು ಬೆಸೆದ ಹೆಸರು

ಬಂಡಾಯದ ಮುಂದಾಳುಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೈತ್ರಿಯ ಹರವು ತಿಳಿಯುತ್ತದೆ. ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯ ಗೌಡ ಮತ್ತು ಕೊಡಗಿನ ಗುಡ್ಡೆಮನೆ ಅಪ್ಪಯ್ಯ ಗೌಡರು ಅರೆಭಾಷೆಯಾಡುವ ಗೌಡ ಸಮುದಾಯದವರು. ಹುಲಿಕಡಿದ ನಂಜಯ್ಯನಂಥವರು ಕೊಡಗಿನ ಕಡೆಯಿಂದ ಬಂದರು. ಚೆಟ್ಟಿ ಕುಡಿಯನು ಕಾಡಂಚಿನ ಕುಡಿಯ ಸಮುದಾಯದವನು. ನಂದಾವರದ ಲಕ್ಷ್ಮಪ್ಪ ಬಂಗರಸನು ತುಳುನಾಡಿನ ಹಳೆಯ ಜೈನ ಅರಸುಮನೆತನಕ್ಕೆ ಸೇರಿದವನು. ದಂಡಿನ ನೇತೃತ್ವ ವಹಿಸಿದ ಪುಟ್ಟಬಸಪ್ಪನು ಜಂಗಮ ವೇಷದಲ್ಲಿ ಕಾಣಿಸಿಕೊಂಡವನು. ಅರೆಭಾಷೆ, ತುಳು, ಕನ್ನಡ, ಕೊಡವ ಮಾತುಗಳನ್ನಾಡುವ, ಉಣ್ಣುವ ಪಂಕ್ತಿಯಲ್ಲಿ ಜೊತೆಗೆ ಕೂರದ ಜನ ಒಂದೇ ದಂಡಿನಲ್ಲಿ ನಡೆದರು.

ಇವರೆಲ್ಲರ ಸಂಕಟ ಒಂದೇ ಆಗಿರಲಿಲ್ಲ. ಗೌಡರ ಮತ್ತು ಇತರ ಬೇಸಾಯಗಾರರ ತೊಂದರೆ ನಗದು ಕಂದಾಯದ್ದು. ಬಂಗರಸನದು ಕೈಬಿಟ್ಟುಹೋದ ಅರಸೊತ್ತಿಗೆಯ ನೆನಪು. ಭಿನ್ನ ಸಂಕಟಗಳನ್ನು ಒಂದು ಗುರಿಗೆ ತರಲು ಸಮಾನ ಸಂಕೇತವೊಂದು ಬೇಕಾಗುತ್ತದೆ. ಅಮರಸುಳ್ಯದಲ್ಲಿ ಆ ಸಂಕೇತ ‘ಕಲ್ಯಾಣಸ್ವಾಮಿ’ ಎಂಬ ಹೆಸರು.

ಈ ಹೆಸರಿನ ಚರಿತ್ರೆ ಕುತೂಹಲಕರವಾಗಿದೆ. ಹಾಲೇರಿ ಮನೆತನದ ಬೇರೊಂದು ಕವಲಿಗೆ ಸೇರಿದವನೆಂದು ಹೇಳಿಕೊಂಡ ಸ್ವಾಮಿ ಅಪರಂಪಾರನು ಮೊದಲು ಕಾಣಿಸಿಕೊಂಡು ಕಂಪನಿಯ ಸೆರೆಯಾದನು. ಅನಂತರ ಅಂಥದೇ ಹಕ್ಕನ್ನು ಮುಂದಿಟ್ಟ ಕಲ್ಯಾಣಸ್ವಾಮಿಯೂ ಬಂಧಿತನಾಗಿ ಮೈಸೂರಿನ ಸೆರೆಮನೆ ಸೇರಿದನು. ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನರ ಮುಂದೆ ನಿಂತದ್ದು ಆಮೇಲೆ. ಎಂದರೆ, ಯಾರ ಹೆಸರಿನಲ್ಲಿ ದಂಡು ಮಂಗಳೂರಿಗೆ ನಡೆಯಿತೋ ಆ ವ್ಯಕ್ತಿ ದಂಡಿನಲ್ಲಿ ಇರಲಿಲ್ಲ. ಪದಚ್ಯುತ ಅರಸ ಚಿಕ್ಕವೀರರಾಜೇಂದ್ರ ಆಗ ಜೀವಂತವಾಗಿದ್ದರೂ ಬಂಡಾಯಗಾರರು ಅವನ ಹೆಸರನ್ನು ಎತ್ತಿ ಹಿಡಿಯಲಿಲ್ಲವೆಂಬುದು ಇನ್ನೂ ಗಮನಾರ್ಹ. ಆಳಿದ ಅರಸನಿಗೆ ಮಿತ್ರರಿರುತ್ತಾರೆ, ಶತ್ರುಗಳಿರುತ್ತಾರೆ. ಅವನ ದಂಡನೆಯನ್ನು ಕಂಡವರಿರುತ್ತಾರೆ. ಎಂದೂ ಆಳದ ಅರಸನಿಗೆ ಆ ಭಾರವಿಲ್ಲ. ಬರಿದಾದ ಪೀಠದ ಮೇಲೆ ಪ್ರತಿಯೊಂದು ಸಮುದಾಯವೂ ತನಗೆ ಬೇಕಾದ ನ್ಯಾಯವನ್ನು ಕೂರಿಸಬಹುದಾಗಿತ್ತು. ಪುಟ್ಟಬಸಪ್ಪನನ್ನು ‘ಮೋಸಗಾರ’ ಎಂದು ಕರೆದು ಮುಗಿಸುವ ವಸಾಹತುಶಾಹಿ ಬರಹಗಳು ಈ ಸಂಕೇತದ ಕೆಲಸವನ್ನು ಕಾಣಲಿಲ್ಲ.

ಹೆಸರಿನ ಜೊತೆಗೆ ಇದ್ದ ಮತ್ತೊಂದು ಬೆಸುಗೆ ‘ನಿರೂಪ’. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಊರೂರಿಗೆ ಹೋದ ನಿರೂಪಗಳು ಕಂದಾಯದ ಮಾಫಿಯನ್ನೂ ಉಪ್ಪು-ಹೊಗೆಸೊಪ್ಪುಗಳ ಸುಂಕದಿಂದ ಬಿಡುಗಡೆಯನ್ನೂ ಸಾರಿದವು. ನಿರೂಪವೆಂಬುದು ಕನ್ನಡ ಅರಸೊತ್ತಿಗೆಗಳ ಆಡಳಿತ ಗದ್ಯದ ಒಂದು ಪ್ರಕಾರ. ಕೆಳದಿ, ಮೈಸೂರು, ಕೊಡಗುಗಳ ಪ್ರಜೆಗಳಿಗೆ ಅದರ ಒಕ್ಕಣೆ, ಗತ್ತು ಪರಿಚಿತ. ಅಪ್ಪಣೆಯ ಭಾಷೆಯಲ್ಲಿ ಮಾತಾಡುವವನೇ ಅರಸ ಎಂಬ ನಂಬಿಕೆಯನ್ನು ಬಂಡಾಯಗಾರರು ಬಳಸಿಕೊಂಡರು. ಮನೆಮಾತುಗಳು ಬೇರೆಬೇರೆಯಾಗಿದ್ದ ಜನರನ್ನು ಒಂದು ದಂಡಾಗಿ ಕೂಡಿಸಿದ್ದು ಯಾವೊಂದು ಸಮುದಾಯದ ಮನೆಮಾತೂ ಅಲ್ಲ. ರಾಜ್ಯದ ಸಮಾನ ಭಾಷೆಯಾಗಿದ್ದ ಕನ್ನಡ.

ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ಮೇಲೆ ದಂಡು ಪುತ್ತೂರು, ಪಾಣೆಮಂಗಳೂರು, ಬಂಟವಾಳಗಳ ಮೂಲಕ ಮಂಗಳೂರಿಗೆ ಸಾಗಿತು. ಬೇರೆ ತುಕಡಿಗಳು ಉಪ್ಪಿನಂಗಡಿ ಕಡೆಗೂ ಕುಂಬಳೆ-ಕಾಸರಗೋಡು ಕಡೆಗೂ ಹೊರಟವು. ಮಂಗಳೂರಿನ ಗುಡ್ಡವೊಂದರ ಮೇಲೆ ಹಾಲೇರಿ ಅರಸರ ಬಾವುಟವನ್ನು ಏರಿಸಿದರೆಂಬುದು ಪ್ರತೀತಿ. ‘ಬಾವುಟಗುಡ್ಡೆ’ ಎಂಬ ಸ್ಥಳನಾಮವನ್ನು ಜನರು ಇಂದಿಗೂ ಆ ನೆನಪಿನೊಂದಿಗೆ ಜೋಡಿಸುತ್ತಾರೆ. ಹದಿಮೂರು ದಿನಗಳ ಆಳ್ವಿಕೆ ಎಂಬುದು ಜನಜನಿತವಾದ ಲೆಕ್ಕ. ಕಣ್ಣೂರಿನಿಂದ ಸೇನೆ ಬಂದಿಳಿದಾಗ ಪಟ್ಟಣ ಮತ್ತೆ ಕಂಪನಿಯ ಪಾಲಾಯಿತು.

5. ಮೈತ್ರಿ ಮುರಿದ ರೇಖೆ

ಮಂಗಳೂರನ್ನು ಗೆದ್ದ ಮೈತ್ರಿ ಮಡಿಕೇರಿಯನ್ನು ಗೆಲ್ಲಲಿಲ್ಲ. ಕೊಡಗಿನ ಸೂಪರಿಂಟೆಂಡೆಂಟನಾಗಿದ್ದ ಕ್ಯಾಪ್ಟನ್ ಲೆಹಾರ್ಡಿ ಮತ್ತು ದಿವಾನ್ ಬೋಪಣ್ಣನ ನೇತೃತ್ವದಲ್ಲಿ ಕೊಡವ ಪಡೆಗಳು ಬಂಡಾಯಗಾರರನ್ನು ತಡೆದವು. ಇದನ್ನು ಕೊಡವರ ಸಹಜ ‘ಸ್ವಾಮಿನಿಷ್ಠೆ’ ಎಂದು ಕಂಪನಿ ಹೊಗಳಿತು; ‘ದ್ರೋಹ’ ಎಂದು ಅನಂತರದ ಕೆಲವರು ಹಳಿದರು. ಎರಡೂ ವಿವರಣೆಗಳು ಒಂದು ಸಮುದಾಯಕ್ಕೆ ಒಂದು ಸ್ಥಾಯೀ ಗುಣವನ್ನು ಆರೋಪಿಸುವುದರಿಂದ ಒಂದೇ ತಪ್ಪನ್ನು ಮಾಡುತ್ತವೆ. ಮೇಲೆ ಕಂಡಂತೆ, ಘಟ್ಟದ ಮೇಲೆ ಹಳೆಯ ಶಿಸ್ತು, ಜಮ್ಮಾ ಹಕ್ಕು, ದಿವಾನಗಿರಿಗಳು ಉಳಿದಿದ್ದವು. ಅಲ್ಲಿನ ಮುಖಂಡರಿಗೆ ಕಂಪನಿಯಿಂದ ಕಳೆದುಕೊಂಡದ್ದಕ್ಕಿಂತ ಉಳಿಸಿಕೊಂಡದ್ದು ಹೆಚ್ಚು. ಹಾಲೇರಿ ವಂಶದ ಮರುಸ್ಥಾಪನೆಯಿಂದ ಅವರಿಗೆ ಬರಬಹುದಾಗಿದ್ದ ಲಾಭ ಅನಿಶ್ಚಿತ. ಇತ್ತ ಕೊಡಗಿನವನೇ ಆದ ಗುಡ್ಡೆಮನೆ ಅಪ್ಪಯ್ಯ ಗೌಡನು ಬಂಡಾಯದ ಮುಂಚೂಣಿಯಲ್ಲಿದ್ದನೆಂಬುದು ನಿಷ್ಠೆಯ ಭೂಪಟ ಅಷ್ಟು ಸರಳವಲ್ಲವೆಂದು ತೋರಿಸುತ್ತದೆ. ಮೈತ್ರಿ ಮುರಿದದ್ದು ರಕ್ತದ ರೇಖೆಯಲ್ಲಿ ಅಲ್ಲ. 1834ರಲ್ಲಿ ಕಂದಾಯ ವ್ಯವಸ್ಥೆ ಎಳೆದ ರೇಖೆಯಲ್ಲಿ.

ದಮನ ಕಠೋರವಾಗಿತ್ತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ನೇಣಿಗೆ ಹಾಕಲಾಯಿತು. ಇದರ ಜೊತೆಯಲ್ಲೇ ಬಹುಮಾನದ ವಿತರಣೆಯೂ ನಡೆಯಿತು. ಬಂಡಾಯದ ದಮನಕ್ಕೆ ನೆರವಾದ ಕೊಡವರಿಗೆ ಕಂಪನಿ ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ಟಂಕಿಸಿ ಕೊಟ್ಟಿತು. ಆ ಪದಕದ ಒಂದು ಮುಖದಲ್ಲಿ ಆಯುಧಧಾರಿ ಕೊಡವ ಯೋಧನ ಚಿತ್ರವೂ ಕನ್ನಡ ಲಿಪಿಯ ಬರಹವೂ ಇವೆ. ಇನ್ನೊಂದು ಮುಖದಲ್ಲಿ ಇಂಗ್ಲಿಷ್ ಬರಹವಿದೆ. ಬಂಡಾಯವನ್ನು ಕಟ್ಟಿದ ನಿರೂಪದ ಭಾಷೆ ಯಾವುದೋ ಬಂಡಾಯವನ್ನು ಮುರಿದವರಿಗೆ ಸಂದ ಪದಕದ ಭಾಷೆಯೂ ಅದೇ. ಈ ಸೀಮೆಯ ಜನರೊಂದಿಗೆ ಅಧಿಕೃತವಾಗಿ ಮಾತಾಡಬೇಕೆಂದವರೆಲ್ಲರೂ, ಅವರು ಯಾವ ಪಕ್ಷದವರಾಗಿರಲಿ, ಕನ್ನಡದಲ್ಲೇ ಮಾತಾಡಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

6. ಕಾಕಸಸ್ಸಿನ ‘ಒಕ್ಕೂಟ’: ಒಂದು ಹೋಲಿಕೆ

1837ರ ‘ಕೂಟ’ವನ್ನು ಇಪ್ಪತ್ತನೆಯ ಶತಮಾನದ ಒಂದು ‘ಒಕ್ಕೂಟ’ದ ಪಕ್ಕದಲ್ಲಿಟ್ಟರೆ ಕೆಲವು ಅಂಶಗಳು ಇನ್ನಷ್ಟು ಸ್ಪಷ್ಟವಾಗುತ್ತವೆ. ಕಪ್ಪುಸಮುದ್ರದ ದಂಡೆಯ ಅಬ್ಖಾಜಿಯಾ ಸೋವಿಯತ್ ವ್ಯವಸ್ಥೆಯಲ್ಲಿ ಮೊದಲು ಮೇಲ್ಮಟ್ಟದ ಸ್ಥಾನಮಾನ ಪಡೆದಿದ್ದು, 1931ರಲ್ಲಿ ಜಾರ್ಜಿಯಾದೊಳಗಿನ ಸ್ವಾಯತ್ತ ಗಣರಾಜ್ಯದ ಮಟ್ಟಕ್ಕೆ ಇಳಿಯಿತು. 1989ರ ಜನಗಣತಿಯ ಹೊತ್ತಿಗೆ ತಮ್ಮ ಹೆಸರಿನ ಗಣರಾಜ್ಯದಲ್ಲೇ ಅಬ್ಖಾಜರು ಜನಸಂಖ್ಯೆಯ ಶೇಕಡಾ 18ರಷ್ಟು ಮಾತ್ರ ಇದ್ದರು. ಅದೇ ವರ್ಷ ಸುಖುಮಿ ನಗರದಲ್ಲಿ ಕಾಕಸಸ್ಸಿನ ಪರ್ವತವಾಸಿ ಜನಾಂಗಗಳ ಸಭೆಯೊಂದು ಸ್ಥಾಪನೆಯಾಯಿತು. 1991ರಲ್ಲಿ ಅದು ಪರ್ವತವಾಸಿ ಜನಾಂಗಗಳ ಒಕ್ಕೂಟವಾಯಿತು. ಅದರ ಅಧ್ಯಕ್ಷ ಮೂಸಾ ಶನಿಬೊವ್ ಕಬಾರ್ದ ಜನಾಂಗದ ಒಬ್ಬ ಅಧ್ಯಾಪಕ. 1992ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಸೇನೆ ಅಬ್ಖಾಜಿಯಾವನ್ನು ಪ್ರವೇಶಿಸಿದಾಗ ಚೆಚೆನ್, ಕಬಾರ್ದ, ಅದಿಗೆ ಮೊದಲಾದ ಜನಾಂಗಗಳ ಸ್ವಯಂಸೇವಕರು ಒಕ್ಕೂಟದ ಹೆಸರಿನಲ್ಲಿ ಆಯುಧ ಹಿಡಿದು ಅಬ್ಖಾಜರ ಪರವಾಗಿ ಕಾದಾಡಿದರು. ಅಲ್ಲಿ ನೆಲೆಸಿದ್ದ ಆರ್ಮೇನಿಯನ್ನರ ತುಕಡಿಯೂ ಅವರ ಜೊತೆಗೂಡಿತು. 1993ರ ಸೆಪ್ಟೆಂಬರ್‌ನಲ್ಲಿ ಸುಖುಮಿ ಅವರ ವಶವಾಯಿತು.

ಸಾಮ್ಯಗಳು ಮೂರು. ಮೊದಲನೆಯದಾಗಿ, ಎರಡೂ ಕಡೆ ದೊಡ್ಡ ರಾಜ್ಯವ್ಯವಸ್ಥೆಯೊಂದು ಕುಸಿದಾಗ ಅಥವಾ ಬದಲಾದಾಗ, ಮೇಲಿನವರು ಎಳೆದ ಆಡಳಿತದ ಗಡಿಯೇ ಸಂಘರ್ಷದ ಗಡಿಯಾಯಿತು. ಎರಡನೆಯದಾಗಿ, ಮೈತ್ರಿಯ ಭಾಷೆ ಯಾರ ಮನೆಮಾತೂ ಆಗಿರಲಿಲ್ಲ. ಪರಸ್ಪರ ಅರ್ಥವಾಗದ ಮಾತುಗಳನ್ನಾಡುವ ಪರ್ವತವಾಸಿಗಳು ತಮ್ಮ ಒಕ್ಕೂಟದ ವ್ಯವಹಾರಕ್ಕೆ ರಷ್ಯನ್ ಭಾಷೆಯನ್ನು ನೆಚ್ಚಿದರು. ಮೂರನೆಯದಾಗಿ, ಗೆಲುವಿನ ನಂತರ ಹಿತಾಸಕ್ತಿಗಳು ಕವಲೊಡೆದವು. 1994ರ ಡಿಸೆಂಬರ್‌ನಲ್ಲಿ ರಷ್ಯಾದ ಸೇನೆ ಚೆಚೆನ್ಯಾದ ಮೇಲೆ ನಡೆದಾಗ, ಅಬ್ಖಾಜಿಯಾದಲ್ಲಿ ಕಂಡಂಥ ಒಗ್ಗಟ್ಟಿನ ನೆರವು ಚೆಚೆನ್ನರಿಗೆ ದೊರೆಯಲಿಲ್ಲ. ಸಮಾನ ಶತ್ರುವಿನ ಎದುರು ಕಟ್ಟಿದ ಮೈತ್ರಿ, ಶತ್ರು ಬದಲಾದಾಗ ಉಳಿಯಲಿಲ್ಲ.

ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಸೋವಿಯತ್ ಪ್ರಜೆಯ ಜನಾಂಗ ಯಾವುದೆಂಬುದು ಅವನ ಗುರುತಿನ ಪತ್ರದಲ್ಲೇ ದಾಖಲಾಗುತ್ತಿತ್ತು. ಯುದ್ಧಕ್ಕೆ ಮೊದಲೇ ಜನಾಂಗದ ಹೆಸರುಗಳು ಸ್ಥಿರವಾಗಿದ್ದವು. 1837ರಲ್ಲಿ ಅಂಥ ಜನಗಣತಿಯಿಲ್ಲ, ಗುರುತಿನ ಪತ್ರವಿಲ್ಲ. ಇಲ್ಲಿ ಬಂಡಾಯದ ಅನಂತರ, ದಮನದ ಮೂಲಕ, ಸಮುದಾಯಗಳಿಗೆ ರಾಜಕೀಯ ಗುಣಗಳನ್ನು ಅಂಟಿಸಲಾಯಿತು. ‘ಬಂಡಾಯಗಾರ ಗೌಡ’, ‘ನಿಷ್ಠಾವಂತ ಕೊಡವ’ ಎಂಬ ವರ್ಗೀಕರಣ ಗಲ್ಲುಗಂಬ ಮತ್ತು ಪದಕಗಳ ನಡುವೆ ಹುಟ್ಟಿತು. ಆದ್ದರಿಂದ ‘ಅಲ್ಪಸಂಖ್ಯಾತ ಜನಾಂಗ’ ಎಂಬ ಇಂದಿನ ಪರಿಕಲ್ಪನೆಯನ್ನು 1837ಕ್ಕೆ ನೇರವಾಗಿ ಅನ್ವಯಿಸುವಾಗ ಎಚ್ಚರ ಅಗತ್ಯ.

ಇನ್ನೊಂದು ಎಚ್ಚರವನ್ನೂ ಕಾಕಸಸ್ ಕಲಿಸುತ್ತದೆ. ಸಣ್ಣ ಜನಾಂಗಗಳ ಮೈತ್ರಿ ಎಂದಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ಅಬ್ಖಾಜಿಯಾದ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆಮಠ ಬಿಟ್ಟು ಓಡಬೇಕಾಯಿತು. ಈ ಹಿನ್ನೆಲೆಯಲ್ಲಿ ನಮ್ಮ ‘ಕಾಟಕಾಯಿ’ ಎಂಬ ಶಬ್ದವನ್ನು ಮತ್ತೆ ನೋಡಬೇಕು. ಹಿಂಸೆ, ಲೂಟಿ, ಗೊಂದಲ ಎಂಬ ಅರ್ಥಛಾಯೆಗಳುಳ್ಳ ಈ ಶಬ್ದವನ್ನು ಬ್ರಿಟಿಷರ ಅಪಪ್ರಚಾರವೆಂದು ತಳ್ಳಿಹಾಕುವುದು ರೂಢಿಯಾಗಿದೆ. ಆದರೆ ಅದು ಇಂಗ್ಲಿಷ್ ಶಬ್ದವಲ್ಲ. ದಂಡು ಹಾದುಹೋದ ದಾರಿಯ ಪೇಟೆ ಬೀದಿ, ಅಂಗಡಿ ಮುಂಗಟ್ಟುಗಳ ಜನರ ಬಾಯಲ್ಲಿ ಉಳಿದುಬಂದ ಶಬ್ದ. ಕಂದಾಯದಿಂದ ನೊಂದವರ ದನಿಯನ್ನು ನಿರೂಪಗಳಲ್ಲಿ ಕೇಳುವಂತೆ, ದಂಡಿನಿಂದ ನೊಂದವರ ದನಿಯನ್ನು ಈ ಶಬ್ದದಲ್ಲಿ ಕೇಳುವುದು ಸಂಶೋಧಕನ ಕರ್ತವ್ಯ.

7. ಬರಹ ಮತ್ತು ಸ್ಮರಣೆ

ಈ ಘಟನೆಯ ಮೊದಲ ವಿಸ್ತಾರವಾದ ಬರಹರೂಪದ ನಿರೂಪಣೆಗಳಲ್ಲಿ ಒಂದು ಹರ್ಮನ್ ಮೋಗ್ಲಿಂಗನ ‘ಕೂರ್ಗ್ ಮೆಮೊಯಿರ್ಸ್’. 1836ರಲ್ಲಿ ಮಂಗಳೂರಿಗೆ ಬಂದ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಈ ಬಾಸೆಲ್ ಮಿಷನರಿ 1855ರಲ್ಲಿ ತನ್ನ ಕೃತಿಯನ್ನು ಪ್ರಕಟಿಸಿದನು. ಜಿ. ರಿಕ್ಟರನ ಕೊಡಗಿನ ಕೈಪಿಡಿ 1870ರಲ್ಲಿ ಬಂದಿತು. ಹೀಗೆ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವನೇ ಈ ಬಂಡಾಯದ ಇಂಗ್ಲಿಷ್ ಕಥನಕ್ಕೂ ತಳಹದಿ ಹಾಕಿದನು. ನಿಷ್ಠೆ ಮತ್ತು ದ್ರೋಹದ ಚೌಕಟ್ಟು ಈ ಕೃತಿಗಳ ಮೂಲಕ ಮುಂದಿನ ಬರಹಗಳಿಗೆ ಹರಿದುಬಂದಿದೆ.

ಈ ಚೌಕಟ್ಟನ್ನು ಕನ್ನಡದಲ್ಲಿ ಮುರಿದವರು ನಿರಂಜನ. ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ, ಎಂದರೆ ಬಂಡಾಯದ ನೆಲದಲ್ಲೇ ಹುಟ್ಟಿದ ಅವರು ‘ಕಲ್ಯಾಣಸ್ವಾಮಿ’ ಮತ್ತು ‘ಸ್ವಾಮಿ ಅಪರಂಪಾರ’ ಕಾದಂಬರಿಗಳ ಮೂಲಕ ಅರಮನೆಯಿಂದ ಗದ್ದೆಗೆ, ಅರಸನಿಂದ ಪ್ರಜೆಗೆ ಗಮನವನ್ನು ತಿರುಗಿಸಿದರು. ಮಾಸ್ತಿಯವರ ಕಾದಂಬರಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಇವುಗಳ ಜಗತ್ತು ಆರಂಭವಾಗುತ್ತದೆ. ಎರಡನ್ನೂ ಒಟ್ಟಿಗೆ ಓದಿಸುವ ಪದ್ಧತಿ ನಮ್ಮ ತರಗತಿಗಳಲ್ಲಿ ಬೆಳೆದರೆ, 1834 ಒಂದು ಅಂತ್ಯವಷ್ಟೇ ಅಲ್ಲ, ಒಂದು ಆರಂಭವೂ ಹೌದೆಂಬುದು ವಿದ್ಯಾರ್ಥಿಗಳಿಗೆ ಮನವರಿಕೆಯಾದೀತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು 1974ರಲ್ಲಿ ಪ್ರಕಟಿಸಿದ ಡಿ.ಎನ್. ಕೃಷ್ಣಯ್ಯನವರ ‘ಕೊಡಗಿನ ಇತಿಹಾಸ’ ಇಂಥ ಓದಿಗೆ ಒಳ್ಳೆಯ ಹಿನ್ನೆಲೆ.

ಇತ್ತೀಚಿನ ವರ್ಷಗಳಲ್ಲಿ ಸ್ಮರಣೆಯ ಕೆಲಸವನ್ನು ಬಹುಪಾಲು ಹೊತ್ತವರು ಗೌಡ ಸಮುದಾಯದವರು ಮತ್ತು ಸ್ಥಳೀಯ ಲೇಖಕರು. 2011ರಲ್ಲಿ ಅರೆಭಾಷೆ ಅಕಾಡೆಮಿ ಸ್ಥಾಪನೆಯಾದ ಮೇಲೆ ಆ ಭಾಷಿಕರ ಸಾಹಿತ್ಯ, ಸಂಸ್ಕೃತಿಗಳ ಅಧ್ಯಯನಕ್ಕೆ ಸಾಂಸ್ಥಿಕ ನೆಲೆ ದೊರೆಯಿತು. 2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಮರೆತುಹೋಗಬಹುದಾಗಿದ್ದ ನೆನಪನ್ನು ಉಳಿಸಿದ ಶ್ರೇಯಸ್ಸು ಈ ಪ್ರಯತ್ನಗಳಿಗೆ ಸಲ್ಲಬೇಕು. ಆದರೆ ಮೈತ್ರಿಯ ಚರಿತ್ರೆ ಒಂದು ಸಮುದಾಯದ ಚರಿತ್ರೆಯಾಗಿ ಮಾತ್ರ ಉಳಿದರೆ, ಬಂಗರಸನೂ ಚೆಟ್ಟಿ ಕುಡಿಯನೂ ಹೆಸರು ದಾಖಲಾಗದ ತುಳುವ ಒಕ್ಕಲುಗಳೂ ಎರಡನೆಯ ಬಾರಿ ಸೋಲುತ್ತಾರೆ. ಜೊತೆಗೆ, ‘ನಿಷ್ಠಾವಂತ’ ಎಂಬ ಪದಕದ ಭಾರವನ್ನು ಇಡೀ ಕೊಡವ ಸಮುದಾಯದ ಮೇಲೆ ಹೊರಿಸಿದ ವಸಾಹತುಶಾಹಿ ವರ್ಗೀಕರಣ ಸ್ವತಂತ್ರ ಭಾರತದಲ್ಲಿಯೂ ಬೇರೆ ರೂಪದಲ್ಲಿ ಮುಂದುವರಿಯುತ್ತದೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. 1837ರ ಮೈತ್ರಿಯನ್ನು ಹುಟ್ಟಿಸಿದ್ದು ಸಮಾನ ರಕ್ತಸಂಬಂಧವಾಗಲಿ ಸಮಾನ ಮನೆಮಾತಾಗಲಿ ಅಲ್ಲ. 1834ರ ಗಡಿ ಬದಲಾವಣೆ ಮತ್ತು ಅದು ತಂದ ನಗದು ಕಂದಾಯ. ಅದನ್ನು ಬೆಸೆದದ್ದು ಬರಿದಾದ ಪೀಠದ ಒಂದು ಹೆಸರು ಮತ್ತು ಕನ್ನಡದ ನಿರೂಪ. ಅದು ಮುರಿದದ್ದು, ಹಳೆಯ ವ್ಯವಸ್ಥೆ ಉಳಿದ ನಾಡು ಮತ್ತು ಅಳಿದ ನಾಡುಗಳ ನಡುವಿನ ಘಟ್ಟದ ಸಾಲಿನಲ್ಲಿ. ಸಮುದಾಯಗಳ ಮೇಲೆ ಬಿದ್ದ ನಿಷ್ಠೆ-ದ್ರೋಹಗಳ ಮುದ್ರೆ ಬಂಡಾಯದ ಕಾರಣವಲ್ಲ, ಪರಿಣಾಮ.

ಆಗಬೇಕಾದ ಕೆಲಸ ಸಾಕಷ್ಟಿದೆ. ನಿರೂಪಗಳ ಭಾಷೆಯನ್ನು ಕೆಳದಿ ಮತ್ತು ಹಾಲೇರಿ ಅರಸರ ಆಡಳಿತ ಗದ್ಯದೊಂದಿಗೆ ಹೋಲಿಸಬೇಕು. ತುಳು, ಅರೆಭಾಷೆ, ಕೊಡವ ಭಾಷೆಗಳ ಮೌಖಿಕ ಪರಂಪರೆಯಲ್ಲಿ ಈ ಘಟನೆಯ ನೆನಪು ಎಲ್ಲಿ ಒಂದಾಗುತ್ತದೆ, ಎಲ್ಲಿ ಬೇರಾಗುತ್ತದೆ ಎಂಬುದನ್ನು ದಾಖಲಿಸಬೇಕು. ದಂಡಿನ ಒಂದು ತುಕಡಿ ನಡೆದ ಕುಂಬಳೆ-ಕಾಸರಗೋಡು ಸೀಮೆ 1956ರಲ್ಲಿ ಕೇರಳಕ್ಕೆ ಸೇರಿದ್ದರಿಂದ ಅಲ್ಲಿನ ನೆನಪುಗಳು ಕರ್ನಾಟಕದ ಚರಿತ್ರೆಯ ಬರಹಗಳಿಂದ ಸುಲಭವಾಗಿ ಹೊರಗುಳಿಯುತ್ತವೆ. ಅವುಗಳನ್ನೂ ಈ ಅಧ್ಯಯನದೊಳಕ್ಕೆ ತರಬೇಕು. ಈ ಕೆಲಸ ನಡೆಯುವವರೆಗೆ, ಪಠ್ಯಗಳಲ್ಲಿ ಈ ಘಟನೆಯನ್ನು ಯಾವುದೇ ಹೆಸರಿನಿಂದ ಕರೆದರೂ, ಆ ಹೆಸರು ಯಾರನ್ನು ಒಳಗೊಂಡಿದೆ, ಯಾರನ್ನು ಬಿಟ್ಟಿದೆ ಎಂಬ ಮಾತನ್ನು ಒಂದು ವಾಕ್ಯದಲ್ಲಾದರೂ ಜೊತೆಗೆ ಹೇಳುವುದು ಅಧ್ಯಾಪಕರಾದ, ಸಂಶೋಧಕರಾದ ನಮ್ಮೆಲ್ಲರ ಕನಿಷ್ಠ ಹೊಣೆ.